ವೀರಬಸಮ್ಮ ಎಂದು ಕರೆಯೋಣ

ಬಸ್ಸು ಬರುವ ತನಕ ಯಾರೂ ತನ್ನನ್ನು ಮಾತಾಡಿಸದಿದ್ದರೆ ಸಾಕಪ್ಪಾ ಎಂದುಕೊಂಡು ಸಿದ್ದರಾಮೇಶ ನಾರಾಯಣಪೇಟೆಯ ಬಸ್ ನಿಲ್ದಾಣದಲ್ಲಿ ಕಂಬದ ಮರೆಗೆ ನಿಂತಿದ್ದ. ಹಾಗೆ ಮರೆಗೆ ನಿಂತವನೇ ಎಲ್ಲರ ಕಣ್ಣಿಗೆ ಮೊದಲು ಬೀಳುತ್ತಾನೆ. ಚಹಾದಂಗಡಿಯ ಮೌನೇಶ್ ಅಲ್ಲಿಂದಲೇ ಕೂಗಿದ: "ಸರ್ರ, ಪೇಪರ್‍ನ್ಯಾಗ ನಿಮ್ಮ ಫೋಟೋ ಭಾಳ ಛಲೋ ಬಂದೈತ್ರೀ! ಕತ್ತರಿಸಿ ಗೋಡಿಗೆ ಹಚ್ಚೀನಿ, ಬಂದು ನೋಡ್ರಿ." ಹೋಗಿ ನೋಡಬೇಕಾಯಿತು. ಬಜ್ಜಿಯ ಬಾಣಲೆಯ ಮೇಲ್ಗಡೆ, ಎಣ್ಣೆಯ ಹಬೆ ಬಡಿಯುವಲ್ಲಿ, ಅವನ ಮುಖ ನಗುತ್ತಿತ್ತು. ಅದರ ಮೇಲೆ ತೆಲುಗಿನ ದಪ್ಪಕ್ಷರ: ಮಗ್ಗದ ಮನೆಗಳಲ್ಲಿ ರೇಷ್ಮೆ ಕಳವು, ನಮ್ಮ ಅಧ್ಯಾಪಕರ ಸಂಶೋಧನೆ. ಕಳವು ಎಂದು ಅವನು ಬರೆದಿರಲಿಲ್ಲ. ಕಳವಲ್ಲ ಎಂದು ಸಾಧಿಸಲಿಕ್ಕೇ ಮೂಳೆ ಸವೆಸಿದ್ದ. ಕಾಲೇಜಿನಲ್ಲಿ ಅವನು ಹೇಳಿಕೊಡುವುದು ನಿರ್ವಹಣಾಶಾಸ್ತ್ರ, ಸಂಶೋಧನೆ ಸಂಸ್ಥಾ ಅಧ್ಯಯನದಲ್ಲಿ. ನಾಲ್ಕು ಮಂದಿ ಕೂಡಿ ದುಡಿಯುವಲ್ಲಿ ಬರೆದಿಟ್ಟ ನಿಯಮದ ಬೆನ್ನಹಿಂದೆ ಏನೇನು ನಡೆಯುತ್ತದೆ ಎಂದು ನೋಡುವ ವಿದ್ಯೆ ಅದು. ಇದನ್ನು ಮನೆಯಲ್ಲಿ ಬಿಡಿಸಿ ಹೇಳಿದಾಗ ಅವನ ಅವ್ವ, "ಅಂದ್ರ ಚಾಡಿ ಹೇಳೂದು" ಎಂದಿದ್ದಳು. ಆಗ ನಕ್ಕಿದ್ದ. ಈಗ ಗೋಡೆಯ ಮೇಲಿನ ಆ ನಗುವನ್ನು ಉಗುರಿನಿಂದ ಕೆರೆದು ತೆಗೆಯಬೇಕೆನ್ನಿಸಿ, "ಛಲೋ ಬಂದೈತಿ ಬಿಡಪ್ಪಾ" ಎಂದು ಚಹಾ ಕುಡಿದ.

ಪ್ರಬಂಧದಲ್ಲಿ ಅವನು ಬರೆದದ್ದು ಇಷ್ಟೇ. ಸಾವುಕಾರರು ಕೊಟ್ಟ ರೇಷ್ಮೆ ಲಡಿಯನ್ನು ಹೆಂಗಸರು ಮನೆಯಲ್ಲಿ ರಾಟೆಗೆ ಹಾಕಿ ಸುತ್ತುತ್ತಾರೆ. ಸುತ್ತುವಾಗ ಲಡಿಯ ತುದಿ ಒಂದಿಷ್ಟು ಹಲ್ಲಿನಿಂದ ಕಡಿದು ಡಬ್ಬಿಗೆ ಹಾಕಿಡುತ್ತಾರೆ. ಅಜ್ಜಿ ಮುತ್ತಜ್ಜಿಯರಿಂದ ಬಂದ ರೂಢಿ. ಡಬ್ಬಿ ತುಂಬಿದ ಮೇಲೆ ಆ ತುಂಡುಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿ, ಗಲ್ಲಿಯಲ್ಲಿ ಯಾವ ಬಡವರ ಹುಡುಗಿಗೆ ಮದುವೆ ನಿಶ್ಚಯವಾಗಿದೆಯೋ ಅವಳ ನೂಲಿನ ಸೀರೆಗೆ ಒಂದು ರೇಷ್ಮೆಯ ಅಂಚು ನೇಯ್ದು ಕೊಡುತ್ತಾರೆ. ಬಣ್ಣಬಣ್ಣದ, ಬೆರಳಿಗೆ ತೊಡಕುವ ಅಂಚು. ಗಂಟಿನಂಚು ಎಂದೇ ಅದಕ್ಕೆ ಹೆಸರು. ಉಟ್ಟವಳ ಸಂಸಾರದ ಗಂಟು ಬಿಚ್ಚುವುದಿಲ್ಲವಂತೆ. ಸಾವುಕಾರರಿಗೆ ಗೊತ್ತಿದ್ದೂ ಗೊತ್ತಿಲ್ಲ. ಇದನ್ನು ಅವನಿಗೆ ಬಾಯಿಬಿಟ್ಟು ಹೇಳಿದವಳು ಮಕ್ತಲಿನ ಪೋಚಮ್ಮ, ಅವನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು, "ನನ್ನ ಹೆಸರು ಬಂದ್ರ ನಾ ಸತ್ತಂಗ ನೋಡಪಾ" ಎಂದು ಆಣೆ ಹಾಕಿಸಿಕೊಂಡ ಮೇಲೆ. ಅವನೂ ಮಾತು ಉಳಿಸಿಕೊಂಡ. ಊರು ಬದಲಿಸಿ ಮಕ್ತಲನ್ನು ಗದ್ವಾಲ ಮಾಡಿದ. ಹೆಸರು ಬದಲಿಸಲು ಕೂತಾಗ ಬೆರಳು ತಾವಾಗಿ ಓಡಿದವು: ಈಕೆಯನ್ನು ವೀರಬಸಮ್ಮ ಎಂದು ಕರೆಯೋಣ. ಅದು ಅವನ ತೀರಿಹೋದ ಅಜ್ಜಿಯ ಹೆಸರು. ಇಂಥ ಗಟ್ಟಿ ಹೆಸರು ಈಗ ಯಾರು ಇಡುತ್ತಾರೆ, ಅಜ್ಜಿಗೂ ಒಂದು ಗೌರವ ಸಂದಂತಾಯಿತು ಎಂದು ತನ್ನ ಜಾಣತನಕ್ಕೆ ತಾನೇ ತಲೆದೂಗಿದ್ದ. ಜಾಣ!

ನಿನ್ನೆ ಸಂಜೆ ಗದ್ವಾಲದಿಂದ ಸಣ್ಣವ್ವಕ್ಕನ ಮಗಳು ಐಶ್ವರ್ಯ ಫೋನು ಮಾಡಿದ್ದಳು. "ಮಾಮಾ, ಹಂಪಣ್ಣ ಸಾವ್ಕಾರ್ರು ಅವ್ವಗ ನೂಲು ಕೊಡೂದು ಬಂದ್ ಮಾಡ್ಯಾರ. ಮಗ್ಗ ಖಾಲಿ ನಿಂತೈತಿ. ನೀವು ಬರೆದದ್ರಾಗ ಅವ್ವನ ಹೆಸರು ಐತಲ್ಲ, ಯಾಕ? ಗಲ್ಲಿ ಮಂದಿ ಏನೇನರೆ ಅಂತಾರ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯದೆ ಕೇಳುತ್ತಿದ್ದಳು. ಸಿಟ್ಟಿದ್ದರೆ ಚೆನ್ನಾಗಿರುತ್ತಿತ್ತು. ನಿಮ್ಮವ್ವನ ಹೆಸರೆಲ್ಲಿ ಬರೆದೀನೇ, ಸಣ್ಣವ್ವ ಅಂತ ನಾನು ಎಲ್ಲೂ ಬರೆದೇ ಇಲ್ಲ ಎಂದು ರೇಗುವುದಕ್ಕೆ ಬಾಯಿ ತೆರೆದವನು ತೆರೆದಂತೆಯೇ ಉಳಿದ. ಸಣ್ಣವ್ವ ಅವನ ದೊಡ್ಡಪ್ಪನ ಮೊದಲ ಮಗಳು, ಅವಳಿಗೆ ಅಜ್ಜಿಯ ಹೆಸರನ್ನೇ ಇಟ್ಟಿದ್ದರು. ಇಟ್ಟರು, ಕರೆಯುವವರು ಯಾರು? ಮನೆಯ ಸೊಸೆಯರು ಅತ್ತೆಯ ಹೆಸರು ಹಿಡಿಯುವಂತಿಲ್ಲ. ಹಾಲು ಚೆಲ್ಲಿದ ಹುಡುಗಿಯನ್ನು 'ಎಲೇ ವೀರಬಸೀ, ನಿನ್ನ ಕೈ ಸೇದಿಹೋಗ' ಎಂದು ಬೈದರೆ, ಪಡಸಾಲೆಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತ ಅತ್ತೆ ಸುಮ್ಮನಿರುತ್ತಾಳೆಯೆ? ಹಾಗಾಗಿ ಹುಡುಗಿ ಸಣ್ಣವ್ವ ಆದಳು. ಅಜ್ಜಿ ಸತ್ತಳು, ಅತ್ತೆಯ ಅಂಜಿಕೆ ಸತ್ತಿತು, ಸಣ್ಣವ್ವ ಸಣ್ಣವ್ವನಾಗಿಯೇ ಗದ್ವಾಲಕ್ಕೆ ಮದುವೆಯಾಗಿ ಹೋದಳು. ಮದುವೆಯ ಪತ್ರಿಕೆಯಲ್ಲಿ ಆ ಹೆಸರು ಇದ್ದಿರಬೇಕು. ಆ ಪತ್ರಿಕೆಗೆ ಅರಿಸಿನ ಹಚ್ಚಿದವನೂ ಇವನೇ. ಅವನ ಬಾಯಿಗೆ ಅನ್ನ ಇಟ್ಟವಳು, ಬೀದಿನಾಯಿಗೆ ಹೆದರಿದರೆ ಸೊಂಟಕ್ಕೆ ಎತ್ತಿಕೊಂಡವಳು. ಅವಳ ಹೆಸರು ಅವನಿಗೆ ನೆನಪಿರಲಿಲ್ಲ. ಮರೆತನೆಂದರೂ ಸುಳ್ಳು, ಅವಳಿಗೊಂದು ಹೆಸರಿದೆ ಎಂಬುದೇ ಅವನ ತಲೆಯಲ್ಲಿ ಇರಲಿಲ್ಲ. "ನಾಳೆ ಅಲ್ಲಿಗೇ ಬರ್ತೀನಿ, ಮಾತಾಡ್ತೀನಿ" ಎಂದು ಫೋನು ಇಟ್ಟಿದ್ದ. ನಾಳೆ ಗದ್ವಾಲದಲ್ಲಿ ವಿಚಾರ ಸಂಕಿರಣವಿತ್ತು, ಹೋಗಲೇಬೇಕಿತ್ತು. ಅಕ್ಕನಿಗಾಗಿ ಬರುತ್ತೇನೆ ಎಂಬಂತೆ ಹೇಳಿದ್ದೂ ನಾಚಿಕೆಗೇಡೇ.

ಬಸ್ಸಿನಲ್ಲಿ ಪಕ್ಕಕ್ಕೆ ಭಾನುಪ್ರಕಾಶ ಬಂದು ಕೂತ. ಅದೇ ಕಾಲೇಜಿನ ಭೌತವಿಜ್ಞಾನದ ಮೇಷ್ಟ್ರು. ಸಂಕಿರಣಕ್ಕೆ ಅವನೂ ಹೊರಟಿದ್ದ. ಎಲ್ಲ ವಿಷಯಗಳಿಗೂ ಒಂದೇ ಸಭಾಂಗಣ, ಒಂದೇ ಊಟ, ಒಂದೇ ಪ್ರಮಾಣಪತ್ರ. ಬೆಳಿಗ್ಗೆ ಕಣಗಳು, ಆಮೇಲೆ ಮಣ್ಣಿನ ಸಾರ, ಸಾಹಿತ್ಯ, ಊಟದ ಹೊತ್ತಿಗೆ ಸಂಸ್ಥೆಗಳು. ಭಾನುಪ್ರಕಾಶ ಎಲ್ಲ ಕಡೆಯೂ ಒಂದೇ ಪ್ರಬಂಧ ಓದುತ್ತಾನೆ, ಹೆಸರು ಮಾತ್ರ ಬದಲಿಸುತ್ತಾನೆ. ಕೇಳುವವರಿಗೆ ಅರ್ಥವಾಗದಿರುವುದರಿಂದ ಅದು ಪ್ರತಿ ಸಲವೂ ಹೊಸದೇ. ಸಿದ್ದರಾಮೇಶ ಒಳಗಿನ ಬೇಗೆ ತಡೆಯಲಾರದೆ ಅವನಿಗೆ ಎಲ್ಲವನ್ನೂ ಹೇಳಿದ, ಪೋಚಮ್ಮನ ಹೆಸರೊಂದನ್ನು ಬಿಟ್ಟು. ಕೇಳಿದವನು ಲೊಚಗುಟ್ಟಿದ. "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರೆ ಅಂತಾರಲ್ಲ, ಹಂಗಾತು. ನೋಡ್ರಿ, ಅದಕ್ಕ ನಮ್ಮ ವಿದ್ಯೆ ಛಲೋ. ಒಂದು ಕಣಕ್ಕ ವಿಚಿತ್ರ ಅಂತನ ಹೆಸರಿಟ್ಟಾರ. ಅದೇನು ಬಂದು ಜಗಳಾ ತಗೀತದೇನು? ಲೆಕ್ಕ ತಪ್ಪಿದ್ರ ಬೋರ್ಡ್ ಒರಸ್ತೀವಿ, ಯಾರ ಒಲಿನೂ ಆರಂಗಿಲ್ಲ." "ಈಗ ಏನ್ಮಾಡ್ಲೆಪಾ?" "ಆಕಿ ಅಲ್ಲ ಅಂತ ಸಾವ್ಕಾರಗ ಹೇಳಿಬಿಡ್ರಿ." "ಹಂಗಾದ್ರ ಯಾರು ಅಂತಾನ." ಭಾನುಪ್ರಕಾಶ ಕಿಟಕಿಯಾಚೆಯ ಹತ್ತಿಯ ಹೊಲಗಳ ಕಡೆ ತಿರುಗಿದ. "ಯಾರೂ ಇಲ್ಲ, ನಾನೇ ಕಟ್ಟಿ ಬರೆದೆ ಅನ್ರಿ ಮತ್ತ" ಎಂದು ತಾನೇ ನಕ್ಕ. ಅದು ನಗುವ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆ ಪ್ರಬಂಧದ ಬಲದ ಮೇಲೆಯೇ ಸಿದ್ದರಾಮೇಶನ ಮುಂದಿನ ತಿಂಗಳ ಬಡ್ತಿಯ ಸಂದರ್ಶನ ನಿಂತಿತ್ತು.

ಮಕ್ತಲಿನಲ್ಲಿ ಬಸ್ಸು ಬದಲಿಸಬೇಕಿತ್ತು. ಗದ್ವಾಲದ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಭಾನುಪ್ರಕಾಶ ಇಡ್ಲಿ ಹುಡುಕಿಕೊಂಡು ಹೋದ. ಪೋಚಮ್ಮನ ಗಲ್ಲಿ ನಿಲ್ದಾಣದ ಹಿಂದೆಯೇ ಇತ್ತು. ಹೋಗಿ ಕೇಳಬಹುದಿತ್ತು: ಅವ್ವಾ, ಹೀಗೆ ಹೀಗೆ ಆಗಿದೆ, ನಿನ್ನ ಹೆಸರು ಹೇಳಲೇನು? ಕೇಳಿದ ಮೇಲೆ ಅವಳು ಏನಂದರೂ ಕಷ್ಟವೇ. ಅವಳ ಮನೆಗೆ ಬರುವುದೂ ಹಂಪಣ್ಣನ ನೂಲೇ. ಬೇಡ ಎಂದರೆ ಅಕ್ಕ ಕಳ್ಳಿಯಾಗಿ ಉಳಿಯುತ್ತಾಳೆ, ಹೂಂ ಎಂದರೆ ಇವಳ ರಾಟೆ ನಿಲ್ಲುತ್ತದೆ. ಹಾಗೆ ತೂಗುತ್ತ ನಿಂತಿದ್ದಾಗ ಪೋಚಮ್ಮನೇ, ದೇವರಾಣೆ ಅವಳೇ, ಸೆರಗಿನ ತುದಿಯಲ್ಲಿ ಕೊತ್ತಂಬರಿ ಕಟ್ಟಿಕೊಂಡು ಎದುರಿನಿಂದ ಬರುತ್ತಿದ್ದಳು. ಸಿದ್ದರಾಮೇಶ ಸರಕ್ಕನೆ ತಿರುಗಿ, ನಿಂತಿದ್ದ ಯಾವುದೋ ಬಸ್ಸನ್ನು ಹತ್ತಿ, ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದ. ಮರಿಕಲ್ಲಿಗೆ ಹೋಗುವ ಬಸ್ಸು ಅದು. ಕಂಡಕ್ಟರ್ ಭುಜ ಅಲುಗಿಸಿ, ಎಲ್ಲಿಗೆಂದು ತೆಲುಗಿನಲ್ಲಿ ಕೇಳಿದ: "ಎಕ್ಕಡಿಕಿ ಸಾರ್?" ಕಣ್ಣು ಬಿಟ್ಟರೆ ಪೋಚಮ್ಮ ಕಿಟಕಿಯ ಕೆಳಗೇ ನಿಂತು ಮೇಲೆ ನೋಡುತ್ತಿದ್ದಳು. "ನಮ್ಮ ಮಾಸ್ತರಲ್ಲೇನಪಾ? ಅರಾಮ ಇದ್ದಿ? ಸೊರಗಿಯಲ್ಲೋ! ಮನಿಗೆ ಬಾ, ರೊಟ್ಟಿ ತಿಂದು ಹೋಗೀಯಂತ." ಪೇಪರು ಅವಳ ಮನೆಗೆ ಬರುವುದಿಲ್ಲ. ಅವನ ಮೇಲೆ ಅವಳಿಗೆ ಎಳ್ಳಷ್ಟೂ ಅನುಮಾನವಿಲ್ಲ. "ಅರ್ಜೆಂಟ್ ಐತವ್ವಾ, ಇನ್ನೊಮ್ಮೆ" ಎಂದ. "ಓದೋರಿಗೆ ಯಾವಾಗಲೂ ಅರ್ಜೆಂಟ" ಎಂದು ನಗುತ್ತ ಹೋದಳು. ತಪ್ಪು ಬಸ್ಸಿನಿಂದ ಇಳಿಯುವಾಗ ಕಂಡಕ್ಟರ್ ಅವನನ್ನು ಮೇಲೆ ಕೆಳಗೆ ನೋಡಿದ.

ಜುರಾಲ ಅಣೆಕಟ್ಟಿನ ಸೇತುವೆಯ ಮೇಲೆ ಬಸ್ಸು ನಿಧಾನವಾಯಿತು. ಕೃಷ್ಣೆಯನ್ನು ದಾಟುವಾಗ ಅಜ್ಜಿ ನೀರಿಗೆ ಕೈ ಮುಗಿಯುತ್ತಿದ್ದಳು, ಪಕ್ಕದಲ್ಲಿ ಕೂತ ಸಣ್ಣವ್ವ ಅವಳ ಕೈ ನೋಡಿ ತಾನೂ ಮುಗಿಯುತ್ತಿದ್ದಳು, ಇವನು ಸಣ್ಣವ್ವನ ತೊಡೆಯ ಮೇಲೆ. ಒಮ್ಮೆ ಯಾರೋ ಮುದುಕ ನಿನ್ನ ಹೆಸರೇನವ್ವಾ ಎಂದು ಕೇಳಿದಾಗ ಅವಳು ಅಜ್ಜಿಯ ಮುಖ ನೋಡಿ ಸುಮ್ಮನಾಗಿದ್ದಳು. ಅಥವಾ ಈಗ ಅವನೇ ಹಾಗೆ ಕಲ್ಪಿಸಿಕೊಳ್ಳುತ್ತಿದ್ದಾನೋ. ಮನಸ್ಸು ತಪ್ಪಿಗೆ ತಕ್ಕ ನೆನಪನ್ನು ತಾನೇ ಹೊಲಿದು ಕೊಡುತ್ತದೆ, ಬಲು ಕಿಲಾಡಿ ಅದು. ಭಾನುಪ್ರಕಾಶ ತನ್ನ ಹಾಳೆಗಳನ್ನು ತೆಗೆದು ಹಳೆಯ ಶೀರ್ಷಿಕೆಯನ್ನು ಹೊಡೆದು ಹೊಸದನ್ನು ಬರೆಯುತ್ತಿದ್ದ.

ಸಂಕಿರಣದ ಸಭಾಂಗಣದಲ್ಲಿ ವೇದಿಕೆಯ ನಡುಕುರ್ಚಿಯಲ್ಲಿ ಹಂಪಣ್ಣ ಸಾವುಕಾರ ಕೂತಿದ್ದ. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಸನ್ಮಾನದ ಶಾಲು. ಕಾಲೇಜಿನ ಹೊಸ ಕೋಣೆಗಳನ್ನು ಕಟ್ಟಿಸಿಕೊಟ್ಟವನು ಅವನೇ ಎಂದು ಸಂಚಾಲಕಿ ಅನುರಾಧಾ ಮೇಡಂ ತೆಲುಗಿನಲ್ಲಿ ಹೊಗಳಿದರು. ಭಾನುಪ್ರಕಾಶನ ಕಣಗಳಿಗೆ ಹಂಪಣ್ಣ ಗೌರವದಿಂದ ತೂಕಡಿಸಿದ. ಸಿದ್ದರಾಮೇಶನ ಹೆಸರು ಕೂಗಿದಾಗ ನೆಟ್ಟಗೆ ಕೂತ. ಅಲ್ಲಿಂದ ಮುಂದೆ ಸಿದ್ದರಾಮೇಶ ಓದಿದ ದನಿ ಅವನದಾಗಿರಲಿಲ್ಲ. ಅನೌಪಚಾರಿಕ ಹಂಚಿಕೆ, ಪರಸ್ಪರ ನಂಬಿಕೆ, ಮೌನಸಮ್ಮತಿ. ಮೆಚ್ಚಿ ಬರೆದಿದ್ದ ಮಾತುಗಳು ಬಾಯಲ್ಲಿ ಮರಳಿನ ಹಾಗೆ ಕರಕರ ಎಂದವು. 'ಈಕೆಯನ್ನು ವೀರಬಸಮ್ಮ ಎಂದು ಕರೆಯೋಣ' ಎಂಬಲ್ಲಿಗೆ ಬಂದಾಗ ಆ ಸಾಲನ್ನು ನುಂಗಿ ಮುಂದೆ ಹೋದ. ನುಂಗಿದ್ದು ಒಬ್ಬನಿಗೆ ಮಾತ್ರ ಗೊತ್ತಾಯಿತು. ಚಪ್ಪಾಳೆ ಮುಗಿದ ಮೇಲೆ ಹಂಪಣ್ಣ ಮೈಕು ತನ್ನ ಕಡೆ ಎಳೆದುಕೊಂಡ.

"ಮಾಸ್ತರ್‍ರೀ, ಭಾಳ ಓದೀರಿ, ಸಂತೋಷ. ನನಗ ಒಂದು ಮಾತು ಹೇಳ್ರಿ. ಆ ವೀರಬಸಮ್ಮ ಅನ್ನಾಕಿ ನಮ್ಮ ಗಲ್ಲಿಯಾಕಿ ಹೌದಲ್ಲೋ?"

"ಅಲ್ಲರಿ."

"ಹಂಗಾದ್ರ ಯಾವಾಕಿ? ನನ್ನ ನೂಲು ಕಡದಾಕಿ ಯಾವಾಕಿ, ಅಷ್ಟು ಹೇಳ್ರಿ ಸಾಕು."

ಎಷ್ಟು ಸಲ ಅವನು ತರಗತಿಯಲ್ಲಿ ಹೇಳಿದ್ದ, ಸಂಶೋಧಕ ತನ್ನನ್ನು ನಂಬಿದವರಿಗೆ ಮೊದಲು ಋಣಿ, ಸತ್ಯಕ್ಕೆ ಆಮೇಲೆ ಎಂದು. ಹೇಳುವುದು ಎಷ್ಟು ಸಸಾರ! ಮುಂದಿನ ಸಾಲಿನಲ್ಲಿ ಭಾನುಪ್ರಕಾಶ ನೆಲ ನೋಡುತ್ತ ಕೂತಿದ್ದ.

"ಅಂಥಾಕಿ ಯಾರೂ ಇಲ್ಲರಿ" ಎಂದ ಸಿದ್ದರಾಮೇಶ. "ನಾನೇ ಕಟ್ಟಿ ಬರೆದದ್ದು. ತುದಿ ಕಡಿಯೂದು, ಗಂಟಿನಂಚು, ಎಲ್ಲಾ ಸುಳ್ಳರಿ."

ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದ. ಬೀಳಲಿಲ್ಲ. ಹಿಂದೆ ಯಾರೋ ಕೆಮ್ಮಿದರು. ಊಟದ ಪಾತ್ರೆಗಳ ಸದ್ದು ಬಂತು. ಅನುರಾಧಾ ಮೇಡಂ ನಗುತ್ತ ಬಂದು ಮೈಕು ಹಿಡಿದು, "ಪರ್ವಾಲೇದು ಸಾರ್, ಉದಾಹರಣೆ ಅಂದ್ರೆ ಉದಾಹರಣೆ ತಾನೆ" ಎಂದು ಸ್ಮರಣಿಕೆಯನ್ನು ಅವನ ಕೈಗಿಟ್ಟರು. ಪಕ್ಕದಲ್ಲಿ ನಿಂತ ಒಬ್ಬ ಮಣ್ಣಿನ ವಿಜ್ಞಾನಿ ಕಿವಿಯಲ್ಲಿ ಹೇಳಿದ: "ಇಷ್ಟಕ್ಕ ಯಾಕ ಮುಖ ಸಣ್ಣದು ಮಾಡ್ತೀರಿ? ಎಲ್ಲಾರೂ ಮಾಡೂದ ಇದು. ನೀವು ಹೇಳಿದ್ರಿ, ಅಷ್ಟ." ಆ ಮಾತಿಗಿಂತ ಕಪಾಳಕ್ಕೆ ಬಡಿದಿದ್ದರೆ ವಾಸಿಯಿತ್ತು. ಕಷ್ಟಪಟ್ಟು ಕಂಡ ಒಂದೇ ಒಂದು ನಿಜವನ್ನು ಸುಳ್ಳೆಂದು ಹೇಳಿ, ಸುಳ್ಳುಗಾರರ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡಂತಾಗಿತ್ತು. ಫೋಟೋಕ್ಕೆ ಎಲ್ಲರೂ ಒತ್ತಿ ನಿಂತಾಗ ಹಂಪಣ್ಣ ಅವನ ಕಡೆ ವಾಲಿ, "ಆತು ಬಿಡ್ರಿ, ಈಗ್ಲೇ ಆಳಿನ ಕೈಲೆ ಆಕಿಗೆ ನೂಲು ಕಳಸ್ತೀನಿ. ಆದ್ರ ಆ ಹೆಣ್ಣುಮಗಳು ನನ್ನ ಮುಂದ ಹಂಗ್ಯಾಕ ಅಂದ್ಲು ಅನ್ನೂದ ತಿಳೀವಲ್ದು" ಎಂದ. ಏನಂದಳು ಎಂದು ಕೇಳುವ ಧೈರ್ಯ ಸಿದ್ದರಾಮೇಶನಿಗೆ ಬರಲಿಲ್ಲ. ನಗ್ರಿ ಸಾರ್ ಎಂದು ಫೋಟೋದವನು ಹೇಳಿದ್ದಕ್ಕೆ ನಕ್ಕ.

ಊಟ ಮಾಡದೆ ಸಣ್ಣವ್ವನ ಮನೆಗೆ ನಡೆದ. ನೂಲು ಬಂದಿತ್ತು. ಬಟ್ಟೆಯಲ್ಲಿ ಕಟ್ಟಿದ ಗಂಟು ಮಗ್ಗದ ಹಲಗೆಯ ಮೇಲೆ ಬಿಚ್ಚದೆ ಕೂತಿತ್ತು. ಪಕ್ಕದಲ್ಲಿ ಸಣ್ಣವ್ವ ಗೋಡೆಗೊರಗಿ ಕಾಲು ಚಾಚಿದ್ದಳು. ಕೂದಲು ಬೆಳ್ಳಗಾಗಿ, ಥೇಟು ಅಜ್ಜಿ. ಒಳಗೆ ಐಶ್ವರ್ಯ ಚಹಾಕ್ಕಿಡುತ್ತಿದ್ದಳು. ಹೋದ ಕೂಡಲೇ ಕಾಲಿಗೆ ಬೀಳಬೇಕು, ತಪ್ಪಾತಕ್ಕಾ ಅನ್ನಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದವನು, "ನೂಲು ಬಂತಲ್ಲ" ಎಂದು ಹಲ್ಲು ಬಿಟ್ಟ.

"ಬಂತು" ಎಂದಳು ಸಣ್ಣವ್ವ. "ಕುಂದ್ರು. ಆಳು ಎಲ್ಲಾ ಹೇಳಿದ. ಅಂಥಾಕಿ ಯಾರೂ ಇಲ್ಲ, ಸುಳ್ಳು ಅಂದ್ಯಂತ?"

"ನಿನಗ ನೂಲು ಬಂದ್ರ ಸಾಕಾಗಿತ್ತಕ್ಕಾ."

"ನಾ ನೂಲು ಕೇಳಿದ್ನೇನು ನಿನಗ?" ದನಿ ಏರಲಿಲ್ಲ. "ಪೇಪರ್‍ನ್ಯಾಗ ಬಂದಾಗ ಐಶ್ವರ್ಯ ಓದಿ ಹೇಳಿದ್ಲು. ಗದ್ವಾಲದ ವೀರಬಸಮ್ಮ ಅಂತ. ಇನ್ನೊಮ್ಮೆ ಓದಬೇ ಅಂದೆ. ಹುಟ್ಟಿದಾಗಿಂದ ಆ ಹೆಸರಿಲೆ ಒಬ್ಬರರೆ ಕರ್‍ದಾರೇನೋ ನನ್ನ? ಆಧಾರ್ ಕಾರ್ಡಿನ್ಯಾಗ ಐತಿ, ರೇಷನ್ ಕಾರ್ಡಿನ್ಯಾಗ ಐತಿ, ಮಂದಿ ಬಾಯಾಗ ಇಲ್ಲ. ಗಂಡನೂ ಎಲೇ ಅಂತಿದ್ದ. ನನ್ನ ತಮ್ಮ ನೋಡು, ಅಷ್ಟು ಓದಿದಾವ, ನನ್ನ ಹೆಸರು ನೆನಪಿಟ್ಟು ಬರ್‍ದಾನ ಅಂತ ಮನಿಮನಿಗೆ ಹೇಳಿಬಂದೆ. ಸಾವ್ಕಾರ ಬಂದು ಇದು ನೀನೇನು ಅಂದ. ಹೌದ್ರೀ, ನಾನ ಅಂದೆ. ನೂಲು ಬಂದ್ ಅಂದ. ಆಗಲಿ ಅಂದೆ."

ಬೆಳಿಗ್ಗೆಯಿಂದ ಸಿದ್ದರಾಮೇಶ ಹೊತ್ತು ತಂದದ್ದು ಅಕ್ಕನಿಗೆ ಕಳ್ಳಿಯ ಹೆಸರು ತಂದೆನಲ್ಲ ಎಂಬ ನಾಚಿಕೆಯನ್ನು. ಅದು ಇಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಅವಳು ಬಾಯಿತುಂಬ ಒಪ್ಪಿಕೊಂಡಿದ್ದನ್ನು, ಮಗ್ಗ ನಿಲ್ಲಿಸಿಯಾದರೂ ಉಳಿಸಿಕೊಂಡದ್ದನ್ನು, ಅವನು ಮೈಕಿನಲ್ಲಿ ನಿಂತು ಅಂಥವಳು ಯಾರೂ ಇಲ್ಲ ಎಂದು ಒರೆಸಿ ಬಂದಿದ್ದ.

"ಒಂದು ಖರೆ ಹೇಳು ತಮ್ಮಾ" ಎಂದಳು. "ಬರಿಯುವಾಗ ಆ ವೀರಬಸಮ್ಮ ನಾನ ಹೌದಲ್ಲೋ?"

ಪೋಚಮ್ಮನ ತಲೆಯ ಮೇಲಿಟ್ಟ ಕೈ, ಪಡಸಾಲೆಯಲ್ಲಿ ಎಲೆಯಡಿಕೆ ಜಗಿಯುವ ಅಜ್ಜಿ, ತಾವಾಗಿ ಓಡಿದ ಬೆರಳು. ಎಲ್ಲಿ ಹುಡುಕಿದರೂ ಸಣ್ಣವ್ವ ಅಲ್ಲಿರಲಿಲ್ಲ.

"ನೀನ ಅಕ್ಕಾ. ನಿನ್ನ ನೆನಸಿಕೊಂಡ ಬರದೆ."

ಸಣ್ಣವ್ವ ಅವನ ಮುಖವನ್ನು ನೋಡಿದಳು. ಚಿಕ್ಕಂದಿನಲ್ಲಿ ಬೆಲ್ಲ ಕದ್ದು ತಿಂದಿಲ್ಲ ಎಂದಾಗ ನೋಡುತ್ತಿದ್ದ ಹಾಗೆಯೇ. ಆಮೇಲೆ ಸಣ್ಣಗೆ ನಕ್ಕಳು. "ಅಷ್ಟು ಓದಿದಿ, ಸುಳ್ಳಾಡಾಕ ಇನ್ನೂ ಬರಂಗಿಲ್ಲಲ್ಲೋ ನಿನಗ" ಎಂದು ಗಂಟು ಬಿಚ್ಚಿದಳು. ಕೆಂಪು ರೇಷ್ಮೆಯ ಲಡಿ ತೆಗೆದು ಕೊಡವಿದಳು. "ಹಿಡಿ, ಬಂದೀಯಲ್ಲ, ಒಂದಿಷ್ಟು ಕೆಲಸಕ್ಕರೆ ಬಾ." ಅವನು ಹುಡುಗನಾಗಿದ್ದಾಗ ಹಿಡಿಯುತ್ತಿದ್ದಂತೆ ಎರಡೂ ಕೈ ಮುಂದೆ ಚಾಚಿದ. ಲಡಿಯನ್ನು ಮಣಿಕಟ್ಟಿಗೆ ತೊಡಿಸಿ, ತುದಿ ಹುಡುಕಿ, ಒಂದು ಗೇಣು ಎಳೆದು ಹಲ್ಲಿನಿಂದ ಕಟ್ಟೆಂದು ಕಡಿದಳು. ಮಗ್ಗದ ಕೆಳಗಿನಿಂದ ಡಬ್ಬಿ ತೆಗೆದು, ಮುಚ್ಚಳ ತೆರೆದು, ಆ ತುಂಡನ್ನು ಅವನ ಕಣ್ಣಿಗೆ ಕಾಣುವ ಹಾಗೆ ಹಿಡಿದಳು.

"ಇದು ಸುಳ್ಳೇನೋ ತಮ್ಮಾ?"

"ಅಲ್ಲಕ್ಕಾ."

"ಹಂಗಾದ್ರ ಕೂಗು ನನ್ನ ಹೆಸರು. ಒಂದ್ಸಲ. ಐಶ್ವರ್ಯಗೂ ಕೇಳಲಿ."

ಹೆಸರು ಗಂಟಲಿನ ತನಕ ಬಂತು. ಹುಟ್ಟಿದಾಗಿನಿಂದ ಅಕ್ಕ ಎಂದ ನಾಲಗೆ ಅಲ್ಲೇ ತಡವರಿಸಿ ನಿಂತಿತು. ಸಾವಿರ ಮಂದಿ ಓದುವ ಹಾಳೆಯಲ್ಲಿ ಎಷ್ಟು ಸಲೀಸಾಗಿ ಬರೆದಿದ್ದ ಅದನ್ನು! ಕಣ್ಣಲ್ಲಿ ನೀರು ಬಂತು. ಸಣ್ಣವ್ವ ತುಂಡುನೂಲನ್ನು ಡಬ್ಬಿಗೆ ಹಾಕಿ ಮುಚ್ಚಿ, ರಾಟೆ ತಿರುಗಿಸತೊಡಗಿದಳು. "ಕೈ ಅಲುಗಿಸಬ್ಯಾಡ, ಸಿಕ್ಕಾಗ್ತದ" ಎಂದಳು. ನೂಲು ಅವನ ಎಡಗೈಯಿಂದ ಒಂದು ಸುತ್ತು, ಬಲಗೈಯಿಂದ ಒಂದು ಸುತ್ತು ಬಿಚ್ಚುತ್ತ ಹೋಯಿತು. ಕೆನ್ನೆಯ ಮೇಲಿಳಿದದ್ದನ್ನು ಒರೆಸಿಕೊಳ್ಳಲು ಅವನ ಕೈ ಬಿಡುವಾಗಿರಲಿಲ್ಲ.